ಯಾರ ಹೆಸರು ಮೇಲೆ?

ನಾಲ್ಕೇ ನಾಲ್ಕು ದಿನ ವೆಬ್ ಪೇಜ್ ಬರೆಯುವ ಎಚ್‌ಟಿಎಂಎಲ್ ಕಲಿತವನು ಅದನ್ನು ಊರಲ್ಲಿ ಹೇಳಿಕೊಂಡು ತಿರುಗಬಾರದು. ಸುಧಾಕರ ತಿರುಗಿದ. ಕುಂದಾಪುರಕ್ಕೆ ಕಂಪ್ಯೂಟರ್ ಕ್ಲಾಸು ಹೊಸತಾಗಿ ಬಂದಿದ್ದ ಕಾಲ. ಕೋಡಿಯ ಮೀನುಗಾರರ ಸಂಘದಲ್ಲಿ ಆರು ವರ್ಷದಿಂದ ಹಂಗಾಮಿ ಗುಮಾಸ್ತನಾಗಿದ್ದ ಅವನಿಗೆ ಅಧ್ಯಕ್ಷ ಚೆನ್ನಯ್ಯ ಬೆಳಿಗ್ಗೆಯೇ ಅಪ್ಪಣೆ ಮಾಡಿದರು.

"ಹ್ವಾಯ್ ಸುಧಾಕರ, ನಾಕ್ ಗಂಟಿಗೆ ಮಹಾಸಭೆ. ಅಷ್ಟ್ರೊಳ್ಗೆ ಸಂಘದ್ದೊಂದ್ ವೆಬ್ ಪೇಜ್ ಆಯ್ಕ್. ಲಾಯ್ಕ್ ಆದ್ರೆ ಇವತ್ತೇ ನಿನ್ನ ಕೆಲ್ಸ ಕಾಯಂ. ಇಲ್ದಿರೆ ಬೇರೆ ಜನ ಕಾಣ್ಕ್."

ಸುಧಾಕರ ಸಂಘದ ಕಂಪ್ಯೂಟರಿನ ಮುಂದೆ ಕುಳಿತ. ಅವನಿಗೆ ಗೊತ್ತಿದ್ದದ್ದು ಇಷ್ಟೆ: ಎಚ್ ಒಂದು ಅಂತ ಕೊಟ್ಟರೆ ಅಕ್ಷರ ತೊರಕೆ ಮೀನಿನ ಗಾತ್ರ, ಎಚ್ ಆರು ಅಂದರೆ ಸಿಗಡಿ ಗಾತ್ರ. ಅಧ್ಯಕ್ಷರಿಗೆ ಒಂದು, ಕಾರ್ಯದರ್ಶಿ ಗೋವರ್ಧನರಿಗೆ ಎರಡು, ಖಜಾಂಚಿ ಜಲಜಕ್ಕನಿಗೆ ಮೂರು ಕೊಟ್ಟ.

ಹಿಂದೆ ನಿಂತು ಇಣುಕುತ್ತಿದ್ದ ಗೋವರ್ಧನ ಕೆರಳಿದರು. "ಎಂತದಾ ಇದ್? ಓಡಾಡುದೆಲ್ಲ ನಾನ್, ದೊಡ್ಡ ಹೆಸ್ರ್ ಅವ್ರದ್ದಾ?"

ಜಲಜಕ್ಕ ಮೀನಿನ ಬುಟ್ಟಿಯನ್ನು ಹೊರಗಿಟ್ಟು ಒಳಬಂದರು. "ನನ್ ಹೆಸ್ರ್ ಕಾಂಬುಕೆ ದುರ್ಬೀನ್ ಬೇಕಲೆ ಮಗಾ! ದೋಣಿ ಪೂಜೆ ಆಮಂತ್ರಣ ಕಾಗ್ದದಲ್ಲೂ ಹೀಂಗೇ ಅಡಿಗ್ ಹಾಕಿದ್ರಿ. ಆ ವರ್ಷ ನಾ ಊಟಕ್ಕೇ ಬರ್ಲಿಲ್ಯ, ಗೊತ್ತಿತ್ತಲ್ದಾ?"

ಸುಧಾಕರ ಮೂವರಿಗೂ ಎಚ್ ಒಂದೇ ಕೊಟ್ಟ. ಆದರೂ ಒಂದು ಹೆಸರು ಮೇಲಾಯಿತು. ಟೇಬಲ್ ಎಂಬ ಚೌಕಟ್ಟು ಹಾಕಿ ಹೆಸರುಗಳನ್ನು ಪಕ್ಕಪಕ್ಕ ಕೂರಿಸಿದ.

"ಎಡದ್ದೇ ಅಲ್ದಾ ಮೊದ್ಲ್ ಓದುದ್?" ಎಂದು ಚೆನ್ನಯ್ಯನವರೇ ಬಂದು ಕೇಳಿದರು. ಅವರು ಬಲತುದಿಯಲ್ಲಿದ್ದರು.

ಗಂಟೆ ಮೂರೂವರೆ. ಸುಧಾಕರನ ಬೆವರು ಕೀಬೋರ್ಡಿನ ಮೇಲೆ ಉಪ್ಪುಗಟ್ಟಿತ್ತು; ಅದರಲ್ಲಿ ಮೂರು ಕಿಲೋ ಮೀನು ಒಣಗಿಸಬಹುದಿತ್ತು. ಅಷ್ಟರಲ್ಲಿ ನಾಲ್ಕನೇ ದಿನದ ಪಾಠ ನೆನಪಾಯಿತು. ಮಾರ್ಕೀ! ಅದರೊಳಗೆ ಹಾಕಿದ್ದೆಲ್ಲ ಪರದೆಯ ಮೇಲೆ ಬಲದಿಂದ ಎಡಕ್ಕೆ ಓಡುತ್ತಲೇ ಇರುತ್ತದೆ.

ಮೂರೂ ಹೆಸರನ್ನು ಅದರೊಳಗೆ ದಬ್ಬಿ, ಸಭೆ ಸೇರುವ ಮೊದಲೇ ಓಡಲು ಬಿಟ್ಟ. ಯಾರು ಮೊದಲು ಹೊರಟದ್ದೆಂದು ಊರ ದೇವರು ಕುಂದೇಶ್ವರನೂ ಹೇಳುವಂತಿರಲಿಲ್ಲ. ಒಂದು ಸುತ್ತು ಮುಗಿದು ಪರದೆ ಖಾಲಿಯಾದಾಗಲೆಲ್ಲ, ಮತ್ತೆ ಮೊದಲು ಬರುವ ಹೆಸರು ಕಾಣದಂತೆ, ಜೋರಾಗಿ ಕೆಮ್ಮಿ ಎಲ್ಲರ ಕಣ್ಣನ್ನೂ ತನ್ನ ಕಡೆ ಎಳೆದ.

"ಹೊಳಿ ಹರ್ದಂಗ್ ಹರಿತಿತ್ತಲ ಮಾರಾಯ!" ಎಂದಿತು ಮಹಾಸಭೆ. ಮೂವರೂ ತಮ್ಮ ಹೆಸರೇ ಮೊದಲೆಂದು ನಂಬಿ ಒಬ್ಬರಿಗೊಬ್ಬರು ಮುಗುಳ್ನಕ್ಕರು. ಸಂಘದ ಚರಿತ್ರೆಯಲ್ಲಿ ಅಂಥದ್ದು ನಡೆದಿರಲಿಲ್ಲ.

ಚೆನ್ನಯ್ಯ ಅಲ್ಲೇ ಕಾಯಂ ಆದೇಶ ಟೈಪು ಮಾಡಿಸಿದರು. ಸುಧಾಕರ ಪೆನ್ನು ನೀಡಿದ. ಅಧ್ಯಕ್ಷರು ಕಾಗದದ ಮೇಲೆ ಬಗ್ಗಿದರು.

"ಒಂದ್ ಗಳಿಗಿ," ಅಂದರು ಗೋವರ್ಧನ. "ಮೂರೂ ಜನ ಸಹಿ ಹಾಕ್ಕ್ ಅಲ್ದಾ? ಮೇಲಿನ್ ಸಹಿ ಯಾರ್ದ್?"

ಪೆನ್ನು ನಿಂತಿತು.

"ನನ್ನದ್ ಎಲ್ಲಿತ್ತ್, ಕಾಂಬ," ಎಂದು ಜಲಜಕ್ಕ ಕಾಗದ ಎಳೆದರು. ಅವರ ಸಹಿಯ ಜಾಗ ಅಡಿಯಲ್ಲಿತ್ತು.

ಕಾಗದವನ್ನು ಓಡಿಸುವ ವಿದ್ಯೆ ಕ್ಲಾಸಿನಲ್ಲಿ ಹೇಳಿಕೊಟ್ಟಿರಲಿಲ್ಲ. ಸುಧಾಕರ ಕೆಮ್ಮಿದ. ಈ ಸಲ ಯಾರೂ ತಿರುಗಿ ನೋಡಲಿಲ್ಲ.

ಎರಡು ಗಂಟೆ ಜಗಳವಾಗಿ, ಆದೇಶ ಸಹಿಯಿಲ್ಲದೆ ಕಪಾಟು ಸೇರಿತು. ಹೊರಡುವಾಗ ಜಲಜಕ್ಕ ಅವನ ಬೆನ್ನು ತಟ್ಟಿದರು.

"ಬೇಜಾರ್ ಮಾಡ್ಬೇಡ ಮಗಾ, ಬಪ್ಪು ವರ್ಷದ್ ಸಭೆಗೆ ಕಾಂಬ. ಆ ಹೆಸ್ರ್ ಓಡುದ್ ಮಾತ್ರ ನಿಲ್ಸ್‌ಬೇಡ."