ಚಹದ ಕಪ್ ತೊಳೆದ ದಾಕ್ಷಾಯಿಣಿಯ ಪರಾಕ್ರಮ

ವಿಘ್ನಗಳನ್ನು ನೀಗುವ ಗಜಮುಖನಿಗೆ ಮೊದಲ ವಂದನೆ. ವಿಘ್ನಗಳನ್ನು ಒಡ್ಡುವ ವಿಶ್ವವಿದ್ಯಾಲಯಕ್ಕೆ ಎರಡನೆಯದು. ಸೆಮಿಸ್ಟರೆಂಬ ಅಲ್ಪಾಯುಷಿ ಯುಗವೊಂದರಲ್ಲಿ, ಧೂಳಿಪಟಲಪರಿವೇಷ್ಟಿತವೂ ಮಿರ್ಚಿಭಜಿಪರಿಮಳಭರಿತವೂ ಆದ ಗದಗ ಪಟ್ಟಣದಲ್ಲಿ, ಬಿ.ಎ. ಕೊನೆಯ ವರ್ಷದ ವೀರವನಿತೆಯೊಬ್ಬಳು ತುಂಬಿದ ಸಭೆಯ ನಡುವೆ ಒಂದು ಚಹದ ಕಪ್ ತೊಳೆದಳು. ಆ ಕಥೆಯನ್ನು ಹೇಳುತ್ತೇನೆ. ನಗಬೇಡಿ. ಅದು ಅಷ್ಟು ಸುಲಭವಾಗಿದ್ದರೆ ನಿಮ್ಮ ಮನೆಯ ಗಂಡಸರೂ ತೊಳೆಯುತ್ತಿದ್ದರು.

ಆ ವೀರವನಿತೆಯ ಹೆಸರು ದಾಕ್ಷಾಯಿಣಿ. ಅವಳ ವಂಶವೇನು ಸಾಮಾನ್ಯದ್ದೇ? ಸಕಲಸಂಸ್ಥಾನರಾಣಿಪಾತ್ರಧಾರಿಣಿ, ಪೆಟ್ರೋಮ್ಯಾಕ್ಸ್‌ಪ್ರಭಾಪ್ರಜ್ವಲಿತವದನೆ, ಕಂಪನಿ ನಾಟಕಗಳ ತಾರಾಬಾಯಿಯ ಸಾಕ್ಷಾತ್ ಮೊಮ್ಮಗಳು ಆಕೆ. ತಾರಾಬಾಯಿ ರಂಗದ ಮೇಲೆ ವಿಷ ಕುಡಿದು ಸತ್ತರೆ ಮಂದಿ "ಒನ್ಸ್ ಮೋರ್" ಎಂದು ಕೂಗುತ್ತಿದ್ದರು. ಸತ್ತ ರಾಣಿ ಎದ್ದು, ಸೆರಗು ಕೊಡವಿ, ಹಾಡು ಹೇಳಿ ಮತ್ತೊಮ್ಮೆ ಸಾಯುತ್ತಿದ್ದಳು. ಅವಳದ್ದು ಒಂದೇ ಧರ್ಮ: ಮಂದಿಗೆ ಬೆನ್ನು ತೋರಿಸಬಾರದು. ಕೊಲೆಯಾದರೂ ಮುಖ ಮುಂದೆಯೇ ಇರಬೇಕು.

ಇಂಥ ಅಜ್ಜಿಯ ಬಾಯಿಂದ ದಾಕ್ಷಾಯಿಣಿಗೆ ಈವರೆಗೆ ಒಂದು ಭಲೇಯೂ ಸಿಕ್ಕಿರಲಿಲ್ಲ. ಶಾಲೆಯ ನಾಟಕದಲ್ಲಿ ಅವಳು ಊರೆಲ್ಲ ಅಳುವಂತೆ ಅಭಿನಯಿಸಿ ಬಂದರೆ ಅಜ್ಜಿ "ಬಾಯಿಪಾಠ ಚಲೋ ಆಗಿತ್ತು" ಎಂದು ಎಲೆಅಡಿಕೆ ಹಾಕಿಕೊಂಡಿದ್ದಳು. ಹುಡುಗಿಗೆ ಪದಕ ಬೇಡ, ಬಂಗಾರ ಬೇಡ. ಆ ಬಾಯಿಂದ ಒಂದು ಸಲ "ಒನ್ಸ್ ಮೋರ್" ಬರಬೇಕಿತ್ತು, ಅಷ್ಟೆ.

ಇನ್ನು ಪ್ರತಿಪಕ್ಷದ ಮಹಾರಥಿ. ಆತ ಇಂಗ್ಲಿಷ್ ವಿಭಾಗದ ಫಕೀರೇಶ ಸರ್. ಚಾಕ್‌ಪೀಸುಖಡ್ಗಧಾರಿ, ನೋಟ್ಸ್‌ನಿರಾಕರಣನಿಷ್ಠುರ, ಹಾಜರಿವೈರಿಗಳ ಪಾಲಿಗೆ ಪ್ರಳಯಾಂತಕ. ಆ ವರ್ಷ ಪಠ್ಯದಲ್ಲಿ ಒಂದು ಹಳೆಯ ಅಮೆರಿಕನ್ ನಾಟಕವಿತ್ತು. ಅದರಲ್ಲಿ ಯುದ್ಧವಿಲ್ಲ, ಹಾಡಿಲ್ಲ, ರಾಜನಂತೂ ಇಲ್ಲವೇ ಇಲ್ಲ. ಒಂದು ಅಡುಗೆಮನೆ, ಕೆಲಸ ಕಳೆದುಕೊಂಡ ಗಂಡ, ಮಾತು ಕಡಿಮೆಯಾದ ಹೆಂಡತಿ. ಕೊನೆಯಲ್ಲಿ ಗಂಡ ಬಾಯಿಗೆ ಬಂದಂತೆ ಬೈಯುತ್ತಾನೆ. ಅವಳು ತುಟಿ ಪಿಟಕ್ಕೆನ್ನದೆ ಅವನು ಕುಡಿದಿಟ್ಟ ಕಪ್ ತೊಳೆದು, ಬೋರಲು ಹಾಕಿ, ಒಳಗೆ ಹೋಗುತ್ತಾಳೆ. ಪರದೆ. ಆ ಕೊನೆಯ ದೃಶ್ಯವನ್ನು ರಂಗಮಂದಿರದಲ್ಲಿ ಊರವರ ಮುಂದೆ ಆಡಿ ತೋರಿಸಿದವರಿಗೆ ಹತ್ತು ಇಂಟರ್ನಲ್ ಅಂಕ ಎಂದು ಸರ್ ಸಾರಿದರು.

ಆಡುವ ಮೊದಲು ಪಾರಿಭಾಷಿಕ ಪದಗಳ ಬಾಣಪ್ರಯೋಗವಾಯಿತು. ರಂಗದ ಹಿಂಭಾಗ ಅಪ್‌ಸ್ಟೇಜ್, ಮಂದಿಯ ಹತ್ತಿರದ್ದು ಡೌನ್‌ಸ್ಟೇಜ್. ನಟರು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವುದು ಬ್ಲಾಕಿಂಗ್. ಇವೆಲ್ಲಕ್ಕೂ ಮಿಗಿಲಾದ ಬ್ರಹ್ಮಾಸ್ತ್ರ ನಾಲ್ಕನೆಯ ಗೋಡೆ: ಮಂದಿ ಕೂತ ಕಡೆ ಕಾಣದ ಗೋಡೆಯೊಂದಿದೆಯೆಂದು ನಟರು ತಿಳಿಯಬೇಕು. ತರಗತಿಯೆಲ್ಲ ಬರೆದುಕೊಂಡಿತು, ದಾಕ್ಷಾಯಿಣಿಯೂ ಬರೆದುಕೊಂಡಳು.

ಯುದ್ಧ ಹತ್ತಿದ್ದು ತಾಲೀಮಿನಲ್ಲಿ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ನೀರು ತುಂಬಿದ ಪ್ಲಾಸ್ಟಿಕ್ ಟಬ್ ಇಟ್ಟು ಅದನ್ನು ಅಮೆರಿಕದ ಸಿಂಕೆಂದು ಘೋಷಿಸಲಾಗಿತ್ತು. ಸರ್ ಅದನ್ನು ಅಪ್‌ಸ್ಟೇಜಿನ ತುದಿಯಲ್ಲಿ, ಬಡಿಗೇರರ ಅಂಗಡಿಯಿಂದ ತಂದ ಕಿಟಕಿ ಚೌಕಟ್ಟಿನ ಕೆಳಗೆ ಇರಿಸಿದ್ದರು. ಕಿಟಕಿಯ ಹಿಂದೆ ಅಮೆರಿಕದ ಆಕಾಶವಾಗಿ ಒಂದು ನೀಲಿ ಬೆಡ್‌ಶೀಟು ಇಳಿಬಿದ್ದಿತ್ತು. ಅಲ್ಲಿ ನಿಂತು ತೊಳೆದರೆ ಸಭೆಗೆ ಕಾಣುವುದು ಜಡೆ ಮಾತ್ರ.

"ಸರ್, ಸಿಂಕ್ ಮುಂದ ಇಡೂಣ್ರೀ. ಮಂದಿ ಕಡೆ ಮಾರಿ ಮಾಡಿ ತೊಳೀತೀನಿ," ಎಂದಳು ಹೆಂಡತಿಯ ಪಾತ್ರದ ದಾಕ್ಷಾಯಿಣಿ.

"ಮಂದಿ ಎಲ್ಲ್ಯದಾರವಾ? ಅಲ್ಲಿರೂದು ಗ್ವಾಡಿ! ಇಷ್ಟ ದಿನಾ ಏನ್ ಕಲಿಸೀನಿ ನಾನು?"

"ಗ್ವಾಡಿ ಆದ್ರ, ಅದರಾಗ ನಮ್ಮ ಆಯಿ ತಾರಾಬಾಯಿ ಹೆಂಗ ಕುಂದರ್ತಾಳ್ರೀ? ಆಕಿ ಮೊದಲನೇ ಸಾಲಿಗೇ ಬರಾಕಿ."

ಆಗ ಫಕೀರೇಶ ಸರ್, ಸಿಂಹಾಸನಸದೃಶವಾದ ಮುರುಕು ಬೆಂಚಿನಿಂದೆದ್ದು, ದಿಕ್ಕುದಿಕ್ಕು ನಡುಗುವಂತೆ ಗರ್ಜಿಸಿದರು: "ಈ ಫಕೀರೇಶ ಉಸಿರಾಡೂತನಕಾ ಆ ಸಿಂಕ್ ಒಂದ್ ಗೇಣು ಮುಂದ ಬರಂಗಿಲ್ಲ! ಬಂತಂದ್ರ ಹತ್ತಕ್ಕ ಸೊನ್ನಿ, ತಿಳೀತಿಲ್ಲೋ?"

ಅವಳೇನು ಕಡಿಮೆ? ಸೊಂಟಕ್ಕೆ ಕೈಕೊಟ್ಟು ನಿಂತಳು. "ಸೀದ ಪಾತೇಲಿ ತಿಕ್ಕಿ ಬೆಳೆದ ಕೈರೀ ಇವು! ಜಾತ್ರಿ ಊಟದ ಹಂಡೇವು ತರ್ರಿ, ಬೆಳಕ ಬೀಳೂವಂಗ ತೊಳದ ಕೊಡ್ತೀನಿ. ಖರೆ, ತಾರಾಬಾಯಿ ಮೊಮ್ಮಗಳು ಮಂದಿಗೆ ಬೆನ್ನ ಮಾಡಂಗಿಲ್ಲ!"

ಮುಂದಿನ ವಾರವೆಲ್ಲ ಸಿಂಕಿನ ಸಂಗ್ರಾಮ. ಅವಳು ಮುಂದೆ ತಂದಿಟ್ಟರೆ ಸರ್ ಹಿಂದೆ ಒಯ್ಯುವರು. ಸರ್ ಚಹಕ್ಕೆ ಹೋದರೆ ಅದು ಮತ್ತೆ ಮುಂದೆ. ಗಂಡನ ಪಾತ್ರದವನು ಯಾವ ಕಡೆ ತಿರುಗಿ ಬೈಯಬೇಕೆಂದು ತಿಳಿಯದೆ ಕಡೆಗೆ ಕಿಟಕಿಗೆ ಬೈದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಗಂಡನೇ ಬಡವಾದ.

ಮನೆಯಲ್ಲಿ ಇನ್ನೊಂದು ರಣರಂಗ. ಸುದ್ದಿ ಕೇಳಿದ ತಾರಾಬಾಯಿ ಅಡಕತ್ತರಿ ಕೆಳಗಿಟ್ಟಳು. "ಮಂದಿ ಅಂದ್ರ ದೇವ್ರು. ನೀ ಬೆನ್ನ ತೋರಿಸಿದೀ ಅಂದ್ರ ನಾ ಎದ್ದು ಹೋಗಾಕಿ, ನೋಡ ಮತ್ತ. ಮೊದಲ ನಿನಗ ಅಭಿನಯ ಬರೂದು ಅಷ್ಟರಾಗ ಐತಿ."

ಆ ಮಾತು ಹುಡುಗಿಯ ಎದೆಗೇ ನಾಟಿತು. ಬಚ್ಚಲಿಗೆ ಹೋಗಿ, ಅಜ್ಜಿಗೆ ಬೆನ್ನು ಮಾಡಿ ಕೂತು, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತಿಕ್ಕತೊಡಗಿದಳು. ಅರ್ಧ ತಿಕ್ಕಿದ ಮೇಲೆ ಅವಳ ಕೈ ನಿಂತಿತು. ಆ ಅಮೆರಿಕದ ಹೆಂಗಸು ಕಿಟಕಿಯ ಕಡೆ ಯಾಕೆ ತಿರುಗುತ್ತಾಳೆಂದು ಆಗ ತಿಳಿಯಿತು. ಅಳುವ ಮುಖ ಬೈದವರಿಗೆ ಕಾಣಬಾರದು, ಅದಕ್ಕೆ.

ಮರುದಿನ ಅವಳೇ ಸಿಂಕನ್ನು ಹಿಂದೆ ಒಯ್ದಿಟ್ಟಳು. "ಇಲ್ಲೇ ಇರ್ಲಿ ಸರ್." ಹೊಸ ಗರ್ಜನೆಯೊಂದನ್ನು ಸಿದ್ಧಮಾಡಿಕೊಂಡು ಬಂದಿದ್ದ ಫಕೀರೇಶ ಸರ್ ಅದನ್ನು ಯಾರ ಮೇಲೆ ಪ್ರಯೋಗಿಸುವುದೆಂದು ತಿಳಿಯದೆ ಫ್ಯಾನ್ ಜೋರು ಮಾಡಿಸಿದರು.

ಬಂತು ಆ ಮಹಾದಿನ. ಮೊದಲ ಸಾಲಿನಲ್ಲಿ ಇಳಕಲ್ ಸೀರೆಯುಟ್ಟು, ಕೋಲು ಊರಿ, ತಾರಾಬಾಯಿ ಸ್ಥಾಪಿತಳಾಗಿದ್ದಳು. ಗಂಡ ಬೈದ. ದಾಕ್ಷಾಯಿಣಿ ಕಪ್ ಎತ್ತಿಕೊಂಡಳು. ಒಂದು ಗಳಿಗೆ ಅಜ್ಜಿಯ ದಿಕ್ಕನ್ನು ನೋಡದೆ ನೋಡಿ, ತಿರುಗಿದಳು. ವಂಶದಲ್ಲಿ ಯಾರೂ ತೋರಿಸದ ಬೆನ್ನು ಸಭೆಗೆ ಕಂಡಿತು.

ಹಿಂದೆ ಕುರ್ಚಿ ಕಿರುಗುಟ್ಟಿತು. ಕೋಲಿನ ಟಕ್ ಟಕ್ ಸದ್ದು ಎದ್ದು, ಪಕ್ಕಕ್ಕೆ ಸರಿದು, ದೂರವಾಯಿತು. ಹೋದಳಲ್ಲಪ್ಪಾ! ಸಭೆಯೆಲ್ಲ ತಿರುಗಿ ನೋಡಿತು. ಅವಳು ಮಾತ್ರ ತಿರುಗಲಿಲ್ಲ. ಕಣ್ಣೀರು ಕಪ್ಪಿನೊಳಗೇ ಬಿತ್ತು. ನೀರಿನಲ್ಲಿ ನೀರು, ಯಾರಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅಮೆರಿಕದ ಆಕಾಶ ಅಲುಗಿತು. ನೀಲಿ ಬೆಡ್‌ಶೀಟು ಪಕ್ಕಕ್ಕೆ ಸರಿದು, ಕಿಟಕಿಯಲ್ಲಿ ಸಾಸಿವೆಯಷ್ಟು ಮೂಗುಬೊಟ್ಟಿನ, ಎಲೆಅಡಿಕೆಕೆಂಪುತುಟಿಯ ಮುಖವೊಂದು ಉದಯಿಸಿತು. ರಂಗಮಂದಿರದ ಹಿಂಬಾಗಿಲು ಎಲ್ಲಿರುತ್ತದೆಂದು ತಾರಾಬಾಯಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಮೊಮ್ಮಗಳ ಒದ್ದೆ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪಿಸುಗುಟ್ಟಿದಳು: "ಹಿಡಿಕಿ ಸಂದ್ಯಾಗ ಹೊಲಸ ಹಂಗ ಐತಿ, ನೋಡ."

ದಾಕ್ಷಾಯಿಣಿ ಹಿಡಿಕೆಯ ಸಂದಿಯನ್ನು ಉಜ್ಜಿದಳು. ಕಪ್ ಬೋರಲು ಹಾಕಿ ಒಳಗೆ ಹೋದಳು. ಪರದೆ ಬಿತ್ತು, ಚಪ್ಪಾಳೆಯೂ ಬಿತ್ತು.

ಹತ್ತಕ್ಕೆ ಎಂಟು ಬಂತು. ಪಠ್ಯದಲ್ಲಿಲ್ಲದ ಮುದುಕಿಯೊಬ್ಬಳು ಅಮೆರಿಕದ ಕಿಟಕಿಯಲ್ಲಿ ಪ್ರವೇಶಿಸಿದ್ದಕ್ಕೆ ಎರಡು ಅಂಕ ಕಡಿತ. ನಾಲ್ಕನೆಯ ಗೋಡೆ ಭದ್ರವಾಗಿತ್ತು, ಹಿಂದಿನ ಗೋಡೆಯ ಬಗ್ಗೆ ತಾವು ಎಚ್ಚರ ವಹಿಸಿರಲಿಲ್ಲ ಎಂದು ಸರ್ ಒಪ್ಪಿಕೊಂಡರು.

ಆಮೇಲೆ ಕ್ಯಾಂಟೀನಿನಲ್ಲಿ ಅಜ್ಜಿ ಮೊಮ್ಮಗಳು ಕೂತರು. ಆ ಕಪ್ ಕ್ಯಾಂಟೀನಿನದ್ದೇ ಆದ್ದರಿಂದ ಅದರಲ್ಲೇ ಅಜ್ಜಿಗೆ ಚಹ ಬಂತು.

"ಎದ್ದ ಯಾಕ ಬಂದಿ ಬೇ ಆಯಿ?"

"ನಿನ್ನ ಮಾರಿ ಕಾಣವಲ್ದಾಗಿತ್ತು. ಮಾರಿ ನೋಡದ ಮನಿಗೆ ಹೆಂಗ ಹೋಗ್ಲಿ?"

ತಾರಾಬಾಯಿ ಚಹವನ್ನು ತಳದವರೆಗೆ ಕುಡಿದಳು. ತಳ ನೋಡಿದಳು. ಆಮೇಲೆ ಖಾಲಿ ಕಪ್ಪನ್ನು ಮೊಮ್ಮಗಳತ್ತ ಚಾಚಿ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ ಹೇಳಿದಳು.

"ಒನ್ಸ್ ಮೋರ್."

ಕ್ಯಾಂಟೀನಿನ ನಲ್ಲಿ ಗೋಡೆಯ ಕಡೆಗಿತ್ತು. ದಾಕ್ಷಾಯಿಣಿ ಎಲ್ಲರಿಗೂ ಬೆನ್ನು ಮಾಡಿ ನಿಂತು, ಹಿಡಿಕೆಯ ಸಂದಿಯನ್ನೂ ಬಿಡದೆ, ನಿಧಾನವಾಗಿ ತೊಳೆದಳು. ತೊಳೆದು ಮುಗಿಯುವವರೆಗೂ ಅಜ್ಜಿ ಎದ್ದು ಹೋಗಲಿಲ್ಲ.