ಟಿಟ್ಟಿಭದ ಎದುರು ನಾಲ್ಕು ದಿನದ ರಜೆ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದರೆ ನನಗೆ ಇನ್ನಷ್ಟು ನಾಚಿಕೆ. ನನಗೆ ಬೇರೆಯವರ ದನಿ ತೆಗೆಯುವ ಚಟವಿದೆ. ಕೆಲವರಿಗೆ ತಂಬಾಕು, ನನಗೆ ಇದು. ಮಹಾರಾಷ್ಟ್ರದ ಸಂಭಾಜಿನಗರದ ನಮ್ಮ ಓಣಿಯಲ್ಲಿ ತರಕಾರಿ ಗಾಡಿಯವನು ಬರುವ ಮೊದಲೇ ಅವನ ಕೂಗು ನನ್ನ ಬಾಯಿಂದ ಹೊರಟು, ಮೂರು ಮನೆಯ ಹೆಂಗಸರು ಚೀಲ ಹಿಡಿದು ಬಾಗಿಲಿಗೆ ಬಂದದ್ದುಂಟು. ಅವ್ವನ ದನಿಯಲ್ಲಿ ನನ್ನನ್ನು ನಾನೇ ಬೈದುಕೊಂಡು, ಅವ್ವನಿಗೆ ಆ ಶ್ರಮ ತಪ್ಪಿಸಿದ್ದೂ ಉಂಟು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಊರ ಹೊರಗೆ ಬಿಡಕಿನ್‌ನ ಹೊಸ ಕಾರ್ಖಾನೆಯೊಂದರಲ್ಲಿ ನನ್ನದು ಪ್ರೊಬೇಷನ್ನಿನ ಕೊನೆಯ ತಿಂಗಳು. ಕೆಲಸ ಕಾಯಂ ಆಗಬೇಕಾದರೆ ಒಂದು ಕಾಗದದ ಮೇಲೆ ನಮ್ಮ ಶಿಫ್ಟಿನ ಜಾಧವ್ ಸಾಹೇಬರ ಸಹಿ ಬೀಳಬೇಕು. ಕಾರ್ಖಾನೆಯ ಉಳಿದವರೆಲ್ಲರ ದನಿ ತೆಗೆದು ಮುಗಿಸಿ, ಕೊನೆಗೆ ನನಗೆ ಸಿಕ್ಕವರೂ ಅವರೇ.

ಆದದ್ದಿಷ್ಟು. ಮಳೆಗಾಲದಲ್ಲಿ ಹೆಂಡತಿಯನ್ನು ಮಹಾಬಳೇಶ್ವರಕ್ಕೆ ಕರೆದೊಯ್ಯಬೇಕೆಂದು ಸಾಹೇಬರು ರಜೆ ಕೇಳಿದರು, ಸಿಗಲಿಲ್ಲ. ಮರುದಿನದಿಂದ ಅವರು ಊಟದ ಡಬ್ಬಿ ಹಿಡಿದು ಶೆಡ್ಡಿನ ಹಿಂದೆ ಹೋಗಿ, ಮಳೆನೀರು ನಿಂತ ಒಂದು ಹೊಂಡದ ಪಕ್ಕ, ಜಾಲಿ ಗಿಡದ ಕೆಳಗೆ ಕೂತು ಬೆಳ್ಳಕ್ಕಿಗಳನ್ನು ನೋಡುತ್ತ ಊಟ ಮಾಡತೊಡಗಿದರು. ಇದನ್ನು ನೋಡಿಯೂ ಸುಮ್ಮನಿರಲು ನಾನೇನು ಸಜ್ಜನನೇ? ಅವರ ದನಿಗೆ ನಮ್ಮ ಬೀದರ್ ಕನ್ನಡ ಹಚ್ಚಿ ಒಂದು ವಾಯ್ಸ್ ನೋಟ್ ಮಾಡಿದೆ: “ಬರ್ರಿ ಬರ್ರಿ, ಇದೇ ನಮ್ಮ ಮಹಾಬಳೇಶ್ವರ. ಆ ಪೈಪು ಸೋರ್ಲತ್ತದಲ್ಲ, ಅದು ಜಲಪಾತ. ಬೋಟಿಂಗ್ ಮಾಡೋರು ಚಪ್ಪಲ್ ಕಳೀರಿ!” ಇದು ಕಾರ್ಖಾನೆಯಲ್ಲಿರುವ ನಾವು ಏಳು ಜನ ಕನ್ನಡಿಗರ ಗುಂಪಿಗೆ ಹೋಗಬೇಕಿತ್ತು. ಹೋದದ್ದು ಇಡೀ ಶಿಫ್ಟಿನ ಗುಂಪಿಗೆ. ಅಳಿಸಲು ಹೋಗಿ, ಗಾಬರಿಯಲ್ಲಿ ನನ್ನ ಫೋನಿನಿಂದ ಮಾತ್ರ ಅಳಿಸಿದೆ. ಈಗ ಅದು ನನ್ನೊಬ್ಬನನ್ನು ಬಿಟ್ಟು ಎಲ್ಲರ ಬಳಿಯೂ ಭದ್ರವಾಗಿತ್ತು.

ಆದರೂ ಮೊದಲ ಹತ್ತು ನಿಮಿಷ ಧೈರ್ಯದಿಂದಲೇ ಇದ್ದೆ. ಮಹಾರಾಷ್ಟ್ರದಲ್ಲಿ ಬೆಳೆದ ನಮ್ಮಂಥವರಿಗೆ ಒಂದು ಮೂಢನಂಬಿಕೆ: ಕನ್ನಡವೆಂದರೆ ಬೀಗ ಹಾಕಿದ ಪೆಟ್ಟಿಗೆ, ಬೀಗದಕೈ ನಮ್ಮ ಹತ್ತಿರ ಮಾತ್ರ. ಬಸ್ಸಿನಲ್ಲಿ ಪಕ್ಕದವರ ಮೂಗಿನ ಬಗ್ಗೆಯೂ ಅವರ ಎದುರಿಗೇ ಕನ್ನಡದಲ್ಲಿ ಚರ್ಚಿಸುತ್ತೇವೆ. ಅಷ್ಟರಲ್ಲಿ ಗೆಳೆಯ ಸಂಗಮೇಶ ಫೋನ್ ಮಾಡಿದ. “ಏ ಹುಚ್ಚಾ, ಸಾಹೇಬ್ರ ಹೆಂಡ್ತಿ ತವರುಮನಿ ಭಾಲ್ಕಿ! ಅವ್ರ ಮನ್ಯಾಗ ಮಾತಾಡೋದೇ ಕನ್ನಡ!” ಸಂಜೆ ಸಾಹೇಬರಿಂದ ಮರಾಠಿಯಲ್ಲಿ ಒಂದೇ ಸಾಲು ಬಂತು: ಸೋಮವಾರ ಬಂದು ಕಾಣು, ಅಲ್ಲಿಯತನಕ ಊರು ಬಿಡಬೇಡ. ಪೊಲೀಸರು ಹೀಗೆ ಹೇಳುವುದನ್ನು ಕೇಳಿದ್ದೆ, ಸೂಪರ್‌ವೈಸರ್ ಹೇಳಿದ್ದು ಕೇಳಿರಲಿಲ್ಲ.

ಮರುದಿನದಿಂದ ನನಗೆ ನಾಲ್ಕು ದಿನ ರಜೆ ಮಂಜೂರಾಗಿತ್ತು. ನಾಶಿಕ್‌ನ ಪಂಚವಟಿಯಲ್ಲಿ ಸೋದರತ್ತೆಯ ಮನೆಯಲ್ಲಿ ಒಂದು ರಾತ್ರಿ ತಂಗಿ, ಘೋಟಿ ದಾಟಿ, ಇಗತ್‌ಪುರಿಯ ಜಲಪಾತಗಳ ಕೆಳಗೆ ತಲೆಯೊಡ್ಡುವುದೆಂದು ಗೆಳೆಯರೊಂದಿಗೆ ಮಾತಾಗಿತ್ತು. ಅವರು ನನ್ನನ್ನು ಬಿಟ್ಟು ಹೋದರು. ಹೋದವರು ಸುಮ್ಮನೆ ಹೋಗಬಾರದೇ? ಘೋಟಿಯಿಂದ ಬಿಸಿ ವಡಾದ ಫೋಟೋ, ಘಾಟಿನಿಂದ ಮಂಜಿನ ವಿಡಿಯೋ. ನಾನು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ತಿರುಗುತ್ತ, ಕಾಯಂ ಆಗದಿದ್ದರೆ ಮುಂದೇನೆಂದು ಯೋಚಿಸುತ್ತಿದ್ದೆ. ಕೊನೆಗೆ ಅವ್ವ ಲಟ್ಟಣಿಗೆ ತೋರಿಸಿದಳು. “ಮಲ್ಲ್ಯಾ, ಮುಂಜಾನಿಂದ ನೋಡ್ಲತ್ತೀನಿ, ಗಾಣದ ಎತ್ತಿನಂಗ ತಿರಗ್ಲತ್ತಿದಿ. ಊರು ಬಿಡಬ್ಯಾಡ ಅಂದಾರ, ಮನಿ ಬಿಡಬ್ಯಾಡ ಅಂದಿಲ್ಲ. ಟೇಕಡಿ ಕಡಿ ಹೋಗು!”

ಟೇಕಡಿ ಎಂದರೆ ಸಾತಾರಾ ಪರಿಸರ ಎಂಬ ನಮ್ಮ ಬಡಾವಣೆಯ ಮನೆಗಳ ಹಿಂದಿನ ಗುಡ್ಡ. ಹನ್ನೆರಡು ವರ್ಷದಿಂದ ಅದು ನಮ್ಮ ಹಿತ್ತಿಲ ಕಿಟಕಿಯಲ್ಲಿದೆ. ಒಂದು ದಿನವೂ ಹತ್ತಿರದಿಂದ ಮಾತಾಡಿಸಿರಲಿಲ್ಲ. ಬೇಸಿಗೆಯಲ್ಲಿ ತಲೆ ಬೋಳಿಸಿಕೊಂಡಂತಿರುವ ಅದು ಆಷಾಢದ ಮಳೆಗೆ ಹಸಿರಾಗಿತ್ತು. ಸೀತಾಫಲದ ಗಿಡಗಳಲ್ಲಿ ಗೋಲಿಯಷ್ಟು ಕಾಯಿ. ಬುಡದ ಸಣ್ಣ ಕಲ್ಲಿನ ಗರಸು ಬಯಲಿನಲ್ಲಿ ಒಂದು ಕಲ್ಲು ಕಂಡಿತು, ಕೂತೆ. ಕೂತದ್ದೇ ತಡ, ಒಂದು ಟಿಟ್ಟಿಭ, ನಮ್ಮ ಕಡೆಯ ಟಿಟವಿ ಹಕ್ಕಿ, ನೆಲದಿಂದ ಎದ್ದು ಇಡೀ ಊರು ದರೋಡೆಯಾದಂತೆ ಕಿರುಚತೊಡಗಿತು. ಉದ್ದ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ಚರ್ಮ, ಎದೆ ತುಂಬ ಗಾಬರಿ. ನನಗೆ ಇಂಥ ಅವಕಾಶ ಬಿಟ್ಟು ಗೊತ್ತಿಲ್ಲ. ತಿರುಗಿ ಅದರ ದನಿಯಲ್ಲೇ ಕಿರುಚಿದೆ. ಅದರ ಜೋಡಿಯೂ ಹಾರಿ ಬಂತು. ಎರಡೂ ಸೇರಿ ನನ್ನ ತಲೆಗೂದಲು ಸವರಿಕೊಂಡು ಹೋದವು. ಚಪ್ಪಲಿ ಒಂದು ಕಡೆ, ನಾನು ಒಂದು ಕಡೆ.

ಎರಡನೆಯ ದಿನ ಚಪ್ಪಲಿ ಹುಡುಕುವ ನೆಪದಲ್ಲಿ ಹೋದಾಗ ಗುಟ್ಟು ತಿಳಿಯಿತು. ನಾನು ಕೂತಿದ್ದ ಕಲ್ಲಿನಿಂದ ಮೂರು ಹೆಜ್ಜೆ ದೂರದಲ್ಲಿ, ಬರೀ ಗರಸಿನ ಮೇಲೆ, ಗರಸಿನದೇ ಬಣ್ಣದ ನಾಲ್ಕು ಮೊಟ್ಟೆಗಳಿದ್ದವು. ಗೂಡಿಲ್ಲ, ಗೋಡೆಯಿಲ್ಲ. ಹಿಂದಿನ ದಿನ ಓಡುವಾಗ ಒಂದು ಹೆಜ್ಜೆ ತಪ್ಪಿದ್ದರೂ ಆ ಸಂಸಾರ ನನ್ನ ಚಪ್ಪಲಿಯ ಕೆಳಗೆ. ಅದು ಬೈಯುತ್ತಿರಲಿಲ್ಲ, ಅಂಗಲಾಚುತ್ತಿತ್ತು. ನಾನು ಅದನ್ನೂ ಅಣಕಿಸಿದ್ದೆ. ಸುಮ್ಮನೆ ಹಿಂದೆ ಸರಿದು ದೂರದ ಬೇವಿನ ಬುಡಕ್ಕೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಹಕ್ಕಿ ಬಂದು ಮೊಟ್ಟೆಗಳ ಮೇಲೆ ಕೂತಿತು. ಜಿನುಗು ಮಳೆ ಶುರುವಾಯಿತು. ಅದು ಏಳಲಿಲ್ಲ, ನಾನೂ ಏಳಲಿಲ್ಲ. ಸುಮಾರು ಅರ್ಧ ಗಂಟೆ ಸೋಮವಾರದ ನೆನಪೇ ಆಗಲಿಲ್ಲ. ಮೂರನೆಯ ದಿನ ಡಬ್ಬಿ ಕಟ್ಟಿಸಿಕೊಂಡು ಹೋದೆ. ರೊಟ್ಟಿ ಮುರಿಯುವಾಗ, ಶೆಡ್ಡಿನ ಹಿಂದೆ ಒಬ್ಬರು ಹೀಗೇ ಕೂತದ್ದು ನೆನಪಾಗಿ ಡಬ್ಬಿ ಮುಚ್ಚಿಟ್ಟೆ. ನಾಲ್ಕನೆಯ ದಿನ ಅಲ್ಲೇ ಕ್ಷಮೆ ಕೇಳುವ ತಾಲೀಮು ನಡೆಸಿದೆ. ವಾರ್ತೆ ಓದುವವರ ದನಿಯಲ್ಲಿ ಕೇಳಿದೆ, ಪೂಜಾರಿಯ ದನಿಯಲ್ಲಿ ಕೇಳಿದೆ. ಯಾವುದೂ ಹೊಂದಲಿಲ್ಲ.

ಸೋಮವಾರ ಸಾಹೇಬರ ಕೋಣೆಗೆ ಹೋದಾಗ ಮೇಜಿನ ಮೇಲೆ ಆ ಕಾಗದ ಇತ್ತು, ಸಹಿಯ ಜಾಗ ಖಾಲಿ. “ಕುಂದ್ರು” ಎಂದರು, ಶುದ್ಧ ಭಾಲ್ಕಿ ಕನ್ನಡದಲ್ಲಿ. ನಾನು ನಿಂತೇ ಇದ್ದೆ.

“ನಿನ್ನ ವಾಯ್ಸ್ ನೋಟ್ ಮನ್ಯಾಗ ಎರಡು ಸಲ ಹಚ್ಚೀವಿ. ಮನ್ಯಾಕಿ ನಕ್ಕಳು. ನಾ ನಗಲಿಲ್ಲ.”

“ತಪ್ಪಾತ್ರಿ ಸರ್.”

“ಈ ಕಾಗದ ಯಾವಾಗ ಬರ್ತದೋ ಗೊತ್ತಿರಲಿಲ್ಲ. ಬಂದ್ರ ನೀ ಕೈಗೆ ಸಿಗಬೇಕಲ್ಲ, ಅದಕ್ಕ ಊರು ಬಿಡಬ್ಯಾಡ ಅಂದೆ. ನಾಲ್ಕ್ ದಿನ ಏನ್ ಮಾಡ್ದಿ?”

“ಟೇಕಡಿಗ ಹೋಗಿ ಟಿಟವಿ ಹಕ್ಕಿ ನೋಡ್ಕೋತ ಕುಂತಿದ್ದೆರಿ ಸರ್.”

ಸಾಹೇಬರು ಪೆನ್ನು ಕೆಳಗಿಟ್ಟರು. “ಹೌದಾ? ಹ್ಯಾಂಗ ಕೂಗ್ತದ ಅದು? ತೋರಿಸು.”

ಬುದ್ಧಿ ಇದ್ದವನು ನೆನಪಿಲ್ಲ ಎನ್ನುತ್ತಿದ್ದ. ನಾನು ಕೊರಳು ಚಾಚಿ, ಸಹಿಯ ಖಾಲಿ ಜಾಗದತ್ತ ಕಣ್ಣು ಅರಳಿಸಿ, ಮೊಟ್ಟೆ ಹೋದೇ ಹೋಯಿತೆಂಬಂತೆ ಕಿರುಚಿದೆ. ಗಾಜಿನಾಚೆ ಕೆಲಸ ಮಾಡುತ್ತಿದ್ದವರೆಲ್ಲ ತಲೆ ಎತ್ತಿದರು. ಸಾಹೇಬರು ಗಂಭೀರವಾಗಿ ಕೇಳಿಸಿಕೊಂಡರು, ಸಹಿ ಹಾಕಿದರು, ಕಾಗದವನ್ನು ನನ್ನ ಕಡೆ ತಳ್ಳಿ ಹೇಳಿದರು:

“ಬಂದ ದಿನದಿಂದ ಎಲ್ಲಾರ ದನಿ ತಗೀಲತ್ತಿದಿ. ನಿನ್ನ ಸ್ವಂತ ದನಿ ಕೇಳಿದ್ದು ಇವತ್ತೇ ನೋಡು.”