ಬಲಕ್ಕೆ ಮಾತ್ರ ತಿರುಗುವ ಕಾರು

ಆ ಭಾನುವಾರ ಬೆಳಿಗ್ಗೆ ನಾನು ಟಾರ್ಚು ಹಿಡಿದು ನಿಂತಿದ್ದೆ. ಕತ್ತಲೆ ಶೆಡ್ಡಿನಲ್ಲಿ ನಮ್ಮ ಮನೆಯವರು ಕಾರಿನ ಎಡಗಡೆಯ ಮುಂದಿನ ಚಕ್ರ ಬಿಚ್ಚಿ, ಅದರ ಹಿಂದಿನ ಕೀಲು ಕಳಚಿ, ಹಳೆಯ ಗ್ರೀಸು ಒರೆಸಿ ಹೊಸದನ್ನು ತುಂಬುತ್ತಿದ್ದರು. ನನ್ನ ಮನಸ್ಸು ಒಲೆಯ ಮೇಲಿನ ಸಾರಿನಲ್ಲಿತ್ತು. ಮನಸ್ಸು ಅತ್ತ ಹೋದಾಗಲೆಲ್ಲ ಟಾರ್ಚೂ ಅತ್ತ ಹೋಗುತ್ತಿತ್ತು.

“ನೆಟ್ಟಗೆ ಹಿಡಿಯೇ! ನನ್ನ ಕಿವಿಗೆ ಬೆಳಕು ಬಿಟ್ರೆ ಗ್ರೀಸು ಕಿವಿಗೆ ಹಾಕ್ಕೊಳ್ಲಾ?”

“ಸಾರು ಉಕ್ಕತ್ತೆ ರೀ.”

“ಉಕ್ಕಲಿ. ಬಲಗಡೇದು ಬರೋ ಭಾನುವಾರ ಮಾಡೋಣ.”

ಬರೋ ಭಾನುವಾರಕ್ಕೆ ಅವರು ಇರಲಿಲ್ಲ. ಬುಧವಾರ ಆಫೀಸಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಹೀಗಾಗಿ ನಮ್ಮ ಕಾರಿನ ಎಡಗಾಲಿಗೆ ಗ್ರೀಸು ಬಿತ್ತು. ಬಲಗಾಲಿಗೆ ಬೀಳಲಿಲ್ಲ.

ಕಾರು ಎಂದರೆ ಸಾಮಾನ್ಯ ಕಾರಲ್ಲ. ಅವರ ಆಫೀಸಿನ ಬಿಳಿ ಮ್ಯಾನೇಜರು ಊರಿಗೆ ಹಡಗು ಹತ್ತುವಾಗ ಇವರ ತಲೆಗೆ ಕಟ್ಟಿದ ಹಳೆಯ ಸ್ಪೋರ್ಟ್ಸ್ ಕಾರು. ತಲೆಯ ಮೇಲೆ ಸೂರಿಲ್ಲ. ಇಬ್ಬರೇ ಕೂರಬಹುದು. ಅದನ್ನು ಎಳೆಯುವುದು ಮುಂದಿನ ಚಕ್ರಗಳು. ಆ ಚಕ್ರಗಳು ಉರುಳಲೂ ಬೇಕು, ಪಕ್ಕಕ್ಕೆ ತಿರುಗಲೂ ಬೇಕು. ಅದಕ್ಕಾಗಿ ಒಂದೊಂದು ಚಕ್ರದ ಹಿಂದೆ ಒಂದೊಂದು ಉಕ್ಕಿನ ಬಟ್ಟಲು, ಬಟ್ಟಲೊಳಗೆ ಆರು ಗುಂಡು, ಸುತ್ತ ಗ್ರೀಸು, ಮೇಲೊಂದು ತೊಗಲಿನ ಚೀಲ. ಗ್ರೀಸು ಒಣಗಿದರೆ ತಿರುಗುವಾಗ ಟಕ್ ಟಕ್ ಎನ್ನುತ್ತದೆ. ಈ ಕೀಲನ್ನು ಅವರು ಜಾಯಿಂಟು ಎನ್ನುತ್ತಿದ್ದರು. ಅತ್ತೆ ಮೊಣಕಾಲು ಎನ್ನುತ್ತಿದ್ದರು. ಅತ್ತೆಯದೇ ಸರಿ. ಅವರ ಮೊಣಕಾಲಿನದೂ ಅದೇ ಸದ್ದು.

ನಮ್ಮ ಮನೆಯವರ ವರ್ಷಾಂತಿಕ ಮುಗಿಯಿತು. ಆ ಒಂದು ವರ್ಷ ಅತ್ತೆ ಹೊಸ್ತಿಲು ದಾಟಿರಲಿಲ್ಲ. ನಾನು ಕೂತಲ್ಲಿ ಕೂತಿರಲಿಲ್ಲ. ಕೂತರೆ ಏಳಬೇಕು ಅನ್ನಿಸುತ್ತಿತ್ತು, ಎದ್ದರೆ ಯಾಕೆ ಎದ್ದೆ ಎಂದು ಮರೆಯುತ್ತಿತ್ತು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದೆ. ದಿನಕ್ಕೆ ಹತ್ತು ಸಲ ಶೆಡ್ಡಿನ ಬೀಗ ತೆಗೆದು, ಕಾರು ನೋಡಿ, ಬೀಗ ಹಾಕಿ ಬರುತ್ತಿದ್ದೆ. ಯಾರೋ ಕದ್ದೊಯ್ಯುತ್ತಾರೆ ಎಂದಲ್ಲ. ಆ ಕಾರನ್ನು ಕದಿಯುವಷ್ಟು ದಡ್ಡರು ನಮ್ಮ ಬಡಾವಣೆ ವೆಸ್ಟ್ ಮಾಂಬಲದಲ್ಲಿ ಇರಲಿಲ್ಲ!

ಒಂದು ದಿನ ಅತ್ತೆ ಇದ್ದಕ್ಕಿದ್ದ ಹಾಗೆ ಹೇಳಿದರು. “ಶನಿವಾರ ತಿರುವಲ್ಲಿಕ್ಕೇಣಿ ದೇವರ ದರ್ಶನ ಮಾಡ್ಬೇಕು ಕಣೇ. ನನ್ನ ಮಗನ ಕಾರಲ್ಲಾದ್ರೆ ಬರ್ತೀನಿ. ಇಲ್ಲಾಂದ್ರೆ ಇನ್ನು ಈ ಮನೆಯಿಂದ ನಾನು ನಡ್ಕೊಂಡು ಆಚೆ ಹೋಗೋಲ್ಲ. ಹೊತ್ಕೊಂಡೇ ಹೋಗಿ.”

“ಓಡಿಸೋವ್ರು ಯಾರು ಅತ್ತೆ?”

“ನೀನೇ. ಬೀಚ್ ರಸ್ತೇಲಿ ಅವನು ನಿನಗೆ ಕಲಿಸ್ತಿದ್ದದ್ದು ಗೊತ್ತಿಲ್ಲ ಅಂದ್ಕೊಂಡ್ಯಾ? ಸೀರೆ ತುಂಬ ಮರಳು ತರ್ತಿದ್ದೆ!”

ನನಗೆ ಧೈರ್ಯ ಬಂತು. ಬೇಕಾದ್ದಕ್ಕಿಂತ ಹೆಚ್ಚೇ ಬಂತು. ಬಲಗಡೆಯ ಜಾಯಿಂಟು ನಾನೇ ಬಿಚ್ಚುತ್ತೇನೆ ಎಂದು ಸಾರಿದೆ. ಒಂಬತ್ತು ವರ್ಷ ಟಾರ್ಚು ಹಿಡಿದವಳು ನಾನು. ನನಗೆ ಗೊತ್ತಿಲ್ಲದ್ದು ಅದರಲ್ಲಿ ಏನಿದೆ?

ಮೊದಲ ನಟ್ಟಿನಲ್ಲೇ ಅದು ತಿಳಿಯಿತು. ಎಷ್ಟು ಎಳೆದರೂ ಅದು ಅಲ್ಲಾಡಲಿಲ್ಲ. ಪಕ್ಕದ ಮನೆಯ ವರದನ್ ಮಾಮಾ, ರಿಟೈರಾದ ಗುಮಾಸ್ತರು, ಗೋಡೆಯಾಚೆಯಿಂದಲೇ ಸಲಹೆ ಕೊಡುತ್ತಿದ್ದವರು ಕೊನೆಗೆ ತಾವೇ ಬಂದರು.

“ಎನ್ನಮ್ಮಾ ಇದು! ಬಲ ಸಾಲದು, ಭಾರ ಬೇಕು,” ಎಂದು ವೇಷ್ಟಿ ಎತ್ತಿ ಕಟ್ಟಿ ಸ್ಪ್ಯಾನರಿನ ಹಿಡಿಯ ಮೇಲೆ ಹತ್ತಿ ನಿಂತರು. ನಟ್ಟು ತಿರುಗಿತು. ಮಾಮಾನೂ ತಿರುಗಿದರು. ನಟ್ಟು ಸುಲಭವಾಗಿ ಕೈಗೆ ಬಂತು. ಮಾಮಾನನ್ನು ಎತ್ತಲು ಇಬ್ಬರು ಬೇಕಾಯಿತು.

ಕೀಲು ಹೊರಬಂತು. ಬಿಚ್ಚುವ ಮೊದಲು ಯಾವ ಗುಂಡು ಬಟ್ಟಲಿನ ಯಾವ ಗುಳಿಯದು ಎಂದು ಗುರುತು ಮಾಡಬೇಕು. ಹಳೆಯ ಗುಂಡುಗಳು ತಮ್ಮ ತಮ್ಮ ಜಾಗದಲ್ಲೇ ಸವೆದು ಒಗ್ಗಿಕೊಂಡಿರುತ್ತವೆ. ಅವರು ನನ್ನ ಕುಂಕುಮದ ಭರಣಿಗೆ ಬೆರಳು ಅದ್ದಿ ಚುಕ್ಕೆ ಇಡುತ್ತಿದ್ದರು, ನಾನು ಬೈಯುತ್ತಿದ್ದೆ. ಆ ಭರಣಿ ಈಗ ಹೊರಗಿಲ್ಲ. ರಂಗೋಲಿ ಪುಡಿಯಿಂದ ಒಂದು, ಎರಡು, ಮೂರು ಎಂದು ಚುಕ್ಕೆ ಇಟ್ಟು, ಎಲ್ಲವನ್ನೂ ಹರಿವಾಣದಲ್ಲಿ ಜೋಡಿಸಿ, ಗ್ರೀಸು ತರಲು ಅಂಗಡಿಗೆ ಹೋದೆ.

“ಯಾವ ಗ್ರೀಸು?” ಎಂದ ಅಂಗಡಿಯವನು.

ಒಂಬತ್ತು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ಉತ್ತರ ಕೊಟ್ಟೆ. “ಕಪ್ಪು!”

ಅವನು ಒಂದು ಡಬ್ಬಿ ಕೊಟ್ಟ. ಎತ್ತಿನ ಗಾಡಿಯ ಅಚ್ಚಿಗೆ ಬಳಿಯುವ ಕೀಲೆಣ್ಣೆ ಅದು ಎಂದು ನನಗೆ ತಿಳಿದದ್ದು ಶನಿವಾರ.

ಮನೆಗೆ ಬಂದರೆ ಹರಿವಾಣ ಖಾಲಿ! ಹಿತ್ತಿಲಲ್ಲಿ ಅತ್ತೆ ಆರೂ ಗುಂಡುಗಳನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ತೊಳೆದು, ಹಪ್ಪಳದ ಪಕ್ಕದಲ್ಲಿ ಬಿಸಿಲಿಗೆ ಇಟ್ಟಿದ್ದರು. ದೀಪಾವಳಿಯ ದೀಪದ ಹಾಗೆ ಹೊಳೆಯುತ್ತಿದ್ದವು. ಒಂದರ ಮೇಲೂ ಚುಕ್ಕೆ ಇಲ್ಲ.

“ಅತ್ತೆ! ಏನು ಮಾಡಿದ್ರಿ?”

“ಅವನು ದಿನಾ ಮುಟ್ಟಿದ ಸಾಮಾನು. ಅಷ್ಟು ಕೊಳೆ ಇಟ್ಕೊಂಡು ದೇವರ ಹತ್ರ ಹೋಗೋದಾ?”

ಸಿಕ್ಕಿದ ಗುಂಡನ್ನು ಸಿಕ್ಕಿದ ಗುಳಿಗೆ ಹಾಕತೊಡಗಿದೆ. ಅತ್ತೆ ಟಾರ್ಚು ಹಿಡಿದರು. ಐದು ಹೋದವು. ಆರನೆಯದು ಹೋಗಲಿಲ್ಲ. ಓರೆ ಮಾಡಿದೆ, ತಟ್ಟಿದೆ, ಬೇಡಿಕೊಂಡೆ. ಆರನೆಯದನ್ನು ಕೂರಿಸುವಾಗ ಅವರು ಎಡಗೈಯಲ್ಲಿ ಏನೋ ಮಾಡುತ್ತಿದ್ದರು. ಏನು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಆಮೇಲೆ ಹೊಳೆಯಿತು. ಒಂಬತ್ತು ವರ್ಷ ಅವರ ಹಿಂದೆ ನಿಂತು ನಾನು ನೋಡಿದ್ದು ಕೀಲನ್ನಲ್ಲ. ಅವರ ಬೆನ್ನನ್ನು!

“ಐದು ಸಾಲದೇನೇ? ಕೈಗೆ ಐದೇ ಬೆರಳು, ಎಲ್ಲ ಕೆಲಸ ಮಾಡಲ್ವಾ?” ಎಂದರು ಅತ್ತೆ.

ಆಗ ಈ ವಾದ ಬಹಳ ಸರಿಯಾಗಿ ಕಂಡಿತು. ಐದು ಗುಂಡಿಗೆ ಮೂರು ಹಿಡಿ ಕೀಲೆಣ್ಣೆ ತುಂಬಿದೆ. ಚೀಲದ ತಂತಿ ಮುರಿದಿತ್ತು, ಹೂ ಕಟ್ಟುವ ಬಾಳೆನಾರಿನಿಂದ ಬಿಗಿದೆ. ಮಾಮಾ ಕುಂಟುತ್ತ ಬಂದು ನಟ್ಟಿನ ಮೇಲೆ ಮತ್ತೊಮ್ಮೆ ನಿಂತರು.

ಶನಿವಾರ ಬೆಳಿಗ್ಗೆ ಅತ್ತೆ ಮಡಿಸೀರೆ ಉಟ್ಟು, ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ದಾಟಿದರು. ಕಾರಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂತರು. ಅದು ಅವರ ಜಾಗ. ಮಗನ ಜೊತೆ ಹೋಗುವಾಗಲೂ ಅಲ್ಲೇ ಕೂರುತ್ತಿದ್ದರು, ನಾನು ಬಸ್ಸಿನಲ್ಲಿ ಹಿಂದೆ ಹೋಗುತ್ತಿದ್ದೆ.

ನಮ್ಮ ಬೀದಿಯ ತುದಿಯಲ್ಲಿ ಎಡಕ್ಕೆ ತಿರುಗಬೇಕು. ಬಲಗಡೆ ಮಾಮಾ ಹೊಸ ಬಿಳಿ ವೇಷ್ಟಿ ಉಟ್ಟು, “ಮೆದುವಾ, ಮೆದುವಾ! ನಿಧಾನ!” ಎಂದು ಕೈ ತೋರಿಸುತ್ತ ನಿಂತಿದ್ದರು. ನಾನು ತಿರುಗಿಸಿದೆ. ಟಕ್, ಟಕ್, ಢಣ್! ನಾರು ಹರಿಯಿತು. ಚೀಲ ಬಾಯಿಬಿಟ್ಟಿತು. ಮೂರು ಹಿಡಿ ಕೀಲೆಣ್ಣೆಯಲ್ಲಿ ಎರಡು ಹಿಡಿ ಮಾಮಾನನ್ನು ಸೇರಿತು. ಹಣೆಯ ನಾಮ ಒಂದು ಬಿಟ್ಟು ಅವರ ಮೈಮೇಲೆ ಬೇರೆ ಬಿಳಿ ಉಳಿಯಲಿಲ್ಲ!

ಸ್ಟಿಯರಿಂಗು ಎಡಕ್ಕೆ ಒಂದು ಅಂಗುಲವೂ ಹೋಗಲೊಲ್ಲದು. ನನಗೆ ಅಳು ಬಂತು.

“ಎಡಕ್ಕೆ ಆಗಲ್ವಾ? ಬಲಕ್ಕೆ ತಿರುಗಿಸು,” ಎಂದರು ಅತ್ತೆ.

“ದೇವಸ್ಥಾನ ಎಡಕ್ಕೆ, ಅತ್ತೆ.”

“ನೀನು ತಿರುಗಿಸೇ.”

ಬಲಕ್ಕೆ ತಿರುಗಿಸಿದೆ. ಕಾರು ನರಳುತ್ತ ತಿರುಗಿತು. ಮುಂದಿನ ತಿರುವಿನಲ್ಲೂ ಬಲಕ್ಕೆ. ಅದರ ಮುಂದೆಯೂ ಬಲಕ್ಕೆ. ನಾಲ್ಕನೆಯ ಸಲ ಬಲಕ್ಕೆ ತಿರುಗಿದರೆ, ಎದುರಿಗೆ ನಮ್ಮ ಮನೆ! ತಿರುವಲ್ಲಿಕ್ಕೇಣಿ ಅಂದು ಬೆಳಿಗ್ಗೆ ಎಷ್ಟು ದೂರವಿತ್ತೋ ಅಷ್ಟೇ ದೂರ ಉಳಿದಿತ್ತು.

“ಕ್ಷಮಿಸಿ ಅತ್ತೆ,” ಎಂದೆ.

ಅತ್ತೆ ಮನೆಯನ್ನೂ ಶೆಡ್ಡನ್ನೂ ನೋಡಿದರು. ಮಡಿಲಲ್ಲಿ ಕೈ ಮುಗಿದುಕೊಂಡಿದ್ದರು.

“ಯಾಕೆ ಅಳ್ತೀಯಾ? ಬಲಕ್ಕೆ ತಿರುಗಿದ್ರೆ ಪ್ರದಕ್ಷಿಣೆ ಅಲ್ವಾ? ಒಂದಾಯ್ತು. ಇನ್ನೆರಡು ಹಾಕು.”

ಹಾಕಿದೆ. ಬೀದಿಯೆಲ್ಲ ಬಾಗಿಲಿಗೆ ಬಂದು ನೋಡಿತು. ಮೂರನೆಯ ಸುತ್ತಿನಲ್ಲಿ ಮಾಮಾ ಕಪ್ಪು ವೇಷ್ಟಿಯಲ್ಲೇ ಕೈ ಮುಗಿದರು.

ಅಂದಿನಿಂದ ಪ್ರತಿ ಶನಿವಾರ ಅತ್ತೆ ಹೊಸ್ತಿಲು ದಾಟುತ್ತಾರೆ. ಮೂರು ಸುತ್ತು, ಎಲ್ಲವೂ ಬಲಕ್ಕೆ. ಆರನೆಯ ಗುಂಡು ಹೊಳೆಯುತ್ತ ದೇವರ ಗೂಡಿನಲ್ಲಿದೆ. ಭಾನುವಾರಗಳಲ್ಲಿ ಕೀಲು ಬಿಚ್ಚಿ ಅದನ್ನು ಕೂರಿಸಲು ನೋಡುತ್ತೇನೆ, ಸೋಲುತ್ತೇನೆ, ಮತ್ತೆ ಐದೇ ಹಾಕಿ ಮುಚ್ಚುತ್ತೇನೆ. ಅತ್ತೆ ಟಾರ್ಚು ಹಿಡಿಯುತ್ತಾರೆ. ಅವರ ಮನಸ್ಸೂ ಒಲೆಯ ಮೇಲೆ. ಬೆಳಕು ನನ್ನ ಕಿವಿಯ ಮೇಲೆ ಬೀಳುತ್ತದೆ. ನಾನು ಕೀಲನ್ನೇ ಬೆಳಕಿನತ್ತ ಸರಿಸಿಕೊಳ್ಳುತ್ತೇನೆ.

ಟಾರ್ಚು ಇದೆ, ಗ್ರೀಸು ಇದೆ, ಗುಂಡು ಆರೂ ಇವೆ. ನೆಟ್ಟಗೆ ಹಿಡಿ ಎಂದು ಗದರುವವರು ಇಲ್ಲ.